ಕಂಪ್ಯೂಟರಿಗೊಂದು ಅಂಗಿ

ಮೊನ್ನೆ ಸೇಫ್ಟಿ ಪಿನ್ ಹುಡುಕುತ್ತ ಶೋಕೇಸಿನ ಕೆಳಗಿನ ಡ್ರಾವರ್ ಎಳೆದೆ. ಪಿನ್ನು ಸಿಗಲಿಲ್ಲ, ಒಂದು ಅಂಗಿ ಸಿಕ್ಕಿತು. ಅಂಗೈಯಷ್ಟೇ ದೊಡ್ಡದು. ಬಿಳಿ ನೂಲಿನ ಕ್ರೋಶಾ ಹೆಣಿಗೆ, ಸುತ್ತ ಗುಲಾಬಿ ಅಂಚು, ಮೂಲೆಗಳಲ್ಲಿ ಹಸಿರು ಮಣಿ. ಹಸುಗೂಸಿನದ್ದಲ್ಲ, ಗೊಂಬೆಯದ್ದೂ ಅಲ್ಲ. ಅದು ನಮ್ಮ ಮನೆಯ ಕಂಪ್ಯೂಟರಿನ ಅಂಗಿ. ನೀವು ನಗುತ್ತೀರಿ ಎಂದು ಗೊತ್ತು. ನಗಿ. ನಾನೂ ಅದನ್ನು ಮಡಿಲಲ್ಲಿ ಹಾಕಿಕೊಂಡು, ಪಿನ್ನಿನ ಕೆಲಸ ಮರೆತು, ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ.

"ಎಂತ, ಲಾಟರಿ ಹೊಡೀತಾ?" ಎಂದು ಯಜಮಾನರು ಒಳಗಿಂದ ಕೇಳಿದರು.

"ಹೊಡೆದು ಎಷ್ಟೋ ವರ್ಷ ಆಯ್ತು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ಮೊದಲಿಂದಲೂ ಮುಚ್ಚುವ ಚಾಳಿ. ಅದು ಅಮ್ಮನಿಂದ ಬಂದದ್ದು. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯಲ್ಲಿ ಯಂತ್ರ ಅಂತ ಇದ್ದದ್ದು ಹಿಟ್ಟು ಕಡೆಯುವ ಕಲ್ಲು ಒಂದೇ. ಕೆಲಸ ಮುಗಿದ ಮೇಲೆ ಅಮ್ಮ ಅದನ್ನು ತೊಳೆದು, ಒರೆಸಿ, ಮೇಲೊಂದು ಹಳೆಯ ಮೊರ ಕವುಚಿ ಹಾಕುತ್ತಿದ್ದಳು. ಕಲ್ಲಿಗೆಂತ ಧೂಳಮ್ಮ ಎಂದು ಕೇಳಿದರೆ, "ದುಡಿದದ್ದಲ್ವಾ, ಮಲಗಲಿ," ಎನ್ನುತ್ತಿದ್ದಳು. ಮುಚ್ಚುವುದೆಂದರೆ ನಮಗೆ ಮರ್ಯಾದೆ ಕೊಡುವುದು, ಪ್ರೀತಿ ತೋರಿಸುವುದು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಐದನೆಯದಕ್ಕೆ ಹೊಳೆ ದಾಟಬೇಕಿತ್ತು. ನಾನು ಹೊಳೆ ದಾಟಿದ್ದು ಮದುವೆಯಾಗಿ, ಯಜಮಾನರ ಹಿಂದೆ, ತಲೆ ಮೇಲೆ ಸೆರಗು ಹೊದ್ದು. ನೋಡಿ, ಆಗಲೂ ಮುಚ್ಚಿಕೊಂಡೇ.

ಮರಾಠಿ ನಾಡಿನ ಠಾಕುರ್ಲಿಯಲ್ಲಿ ನಮ್ಮ ಚಾಳಿನ, ಅಂದರೆ ವಠಾರದ, ಕೋಣೆಗೆ ಮೊದಲು ಬಂದದ್ದು ರೇಡಿಯೋ. ಯಜಮಾನರು ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು, ಹೋಟೆಲಿನ ಶೇಟರು ಹೊಸದು ತಂದಾಗ ಹಳೆಯದನ್ನು ಇವರಿಗೆ ಕೊಟ್ಟರು. ಮಾರನೆಯ ದಿನವೇ ಅದಕ್ಕೊಂದು ಫ್ರಾಕು ಹೊಲಿದೆ, ಮುಂದೆ ಗುಂಡಿ ಇಟ್ಟು. ಆಮೇಲೆ ಮಿಕ್ಸಿಗೆ ಲಂಗ, ಗ್ರೈಂಡರಿಗೆ ಟೋಪಿ, ಫ್ರಿಜ್ಜಿನ ತಲೆಗೆ ಜೇಬಿರುವ ಹೊದಿಕೆ, ಅದರ ಹಿಡಿಕೆಗೆ ಕೈಗವಸು. ಟಿವಿ ಬಂದಾಗ ಅದಕ್ಕೆ ಪರದೆ, ರಿಮೋಟಿಗೆ ಪ್ಲಾಸ್ಟಿಕ್ಕು. ಡೊಂಬಿವಲಿಯಲ್ಲಿ ಸ್ವಂತ ಫ್ಲ್ಯಾಟಿಗೆ ಬಂದ ದಿನ ಯಜಮಾನರು ಸುತ್ತ ನೋಡಿ ಹೇಳಿದರು: "ಈ ಮನೆಯಲ್ಲಿ ಬರಿಮೈಯಲ್ಲಿ ಇರೂದು ನಾನೊಬ್ಬನೇ." ಸತ್ಯವೇ. ಅವರು ಮನೆಯಲ್ಲಿ ಬನಿಯನ್ನೂ ಹಾಕುವವರಲ್ಲ.

ಆ ಮನೆಯಲ್ಲಿ ರೇವು ಹುಟ್ಟಿದಳು. ನಮ್ಮ ಮೊಮ್ಮಗಳು.

ಅವಳ ವಿಷಯ ಬರೆಯಲು ಕೂತರೆ ನನ್ನ ಪೆನ್ನು ಫಾಸ್ಟ್ ಲೋಕಲ್ ರೈಲಿನ ಹಾಗೆ, ಎಲ್ಲೂ ನಿಲ್ಲುವುದಿಲ್ಲ. ಅವಳ ಕೆನ್ನೆ, ಅವಳ ಗುಳಿ, ಊಟಕ್ಕೆ ಕೂತರೆ ಅನ್ನವನ್ನು ಬೆಟ್ಟ ಮಾಡಿ ಸಾರಿಗೆ ದಾರಿ ಕೊರೆಯುವ ಅವಳ ಬೆರಳು. ನಾನು ಹೆಚ್ಚು ಓದದವಳಾದರೂ ಇಷ್ಟು ಗೊತ್ತಿದೆ: ಅಂಥ ಮಗು ಇಡೀ ಕಲ್ಯಾಣ ಡೊಂಬಿವಲಿಯಲ್ಲಿ ಇಲ್ಲ. ಬೇರೆ ಅಜ್ಜಿಯರು ಒಪ್ಪಲಿಕ್ಕಿಲ್ಲ, ಅದು ಅವರ ಹಣೆಬರಹ.

ಒಂದೇ ಒಂದು ಕೊರತೆ ಇತ್ತು. ಅವಳು ನನ್ನ ಜೊತೆ ಕನ್ನಡ ಮಾತಾಡುತ್ತಿರಲಿಲ್ಲ.

ಎಲ್ಲ ಅರ್ಥವಾಗುತ್ತಿತ್ತು. "ರೇವೂ, ಬಾಗಿಲು ಹಾಕು," ಎಂದರೆ ಹಾಕುವಳು. "ಅಜ್ಜನ ಕನ್ನಡಕ ತಾ," ಎಂದರೆ ತರುವಳು. ಬಾಯಿ ತೆರೆದರೆ ಮಾತ್ರ ಮರಾಠಿ. "ಆಜೀ, ಭೂಕ್ ಲಾಗ್ಲೀ." ಹಸಿವೆಯಾದದ್ದು ನನಗೂ ಗೊತ್ತಾಗುತ್ತದೆ, ಊಟವನ್ನೂ ಹಾಕುತ್ತೇನೆ, ಆದರೆ ಒಳಗೆ ಎಲ್ಲೋ ಒಂದು ತಟ್ಟೆ ಖಾಲಿಯೇ ಉಳಿಯುತ್ತಿತ್ತು. ತಪ್ಪು ಅವಳದ್ದಲ್ಲ. ಅವಳ ಅಮ್ಮ, ನಮ್ಮ ಸೊಸೆ ವೈಶಾಲಿ, ಬದಲಾಪುರದ ಮರಾಠಿ ಹುಡುಗಿ. ಶಾಲೆ, ಕೆಳಗಿನ ಮಕ್ಕಳು, ರಿಕ್ಷಾದವನು, ಎಲ್ಲ ಮರಾಠಿ. ತಮಾಷೆಯೆಂದರೆ ಮಗಳಿಗಿಂತ ಹೆಚ್ಚು ಕನ್ನಡ ವೈಶಾಲಿಗೇ ಬಂದಿತ್ತು. "ಆಯಿ, ನೀವು ಬಸಾ. ಚಹಾ ನಾನು ಮಾಡ್ತೇನೆ," ಎನ್ನುವಳು. ಕೂರುವುದು ಮರಾಠಿಯಲ್ಲಿ, ಚಹಾ ಕನ್ನಡದಲ್ಲಿ.

ನಾನು ಸುಮ್ಮನಿರುವವಳೇ? ರವೆ ಉಂಡೆಯ ಡಬ್ಬ ಎತ್ತರದಲ್ಲಿಟ್ಟೆ. "ಕನ್ನಡದಲ್ಲಿ ಕೇಳು, ಕೊಡ್ತೇನೆ," ಎಂದೆ. ರೇವು ಡಬ್ಬ ನೋಡಿದಳು, ನನ್ನ ಮುಖ ನೋಡಿದಳು. "ನಕೋ," ಎಂದು ಹೊರಟೇ ಹೋದಳು. ಬೇಡವಂತೆ! ಆ ಹಟ ಯಾರದ್ದು ಎಂದು ಕೇಳಬೇಡಿ, ಯಜಮಾನರು ಅದಕ್ಕೆ ಉತ್ತರ ಕೊಡಲು ಕಾಯುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ನಾನೇ ಹಿಂದೆ ಹಿಂದೆ ಹೋಗಿ ಉಂಡೆ ಬಾಯಿಗಿಟ್ಟೆ. ಮತ್ತೆ ಮಾರನೆಯ ದಿನ ಅದೇ ಪಾಠ, ಅದೇ ಹಟ.

ಹಾಗಿರುವಾಗ ನಮ್ಮ ಕೇಬಲ್‌ನವನು ಇದ್ದ ಒಂದು ಕನ್ನಡ ಚಾನೆಲನ್ನೂ ತೆಗೆದುಹಾಕಿದ. ನೋಡುವವರಿಲ್ಲ ಎಂದ. ನಾವೇನು ಕುರುಡರಾ ಎಂದು ಜಗಳವಾಡಿದೆ. "ಮೌಶೀ, ನೀವೊಬ್ರೇ," ಎಂದು ನಕ್ಕು ಮೆಟ್ಟಿಲಿಳಿದ. ಮಗ ದಿನವಿಡೀ ಆಫೀಸಿನಲ್ಲಿ, ಮನೆಯಲ್ಲಿ ಕನ್ನಡ ಎಂದರೆ ಇನ್ನು ನಾನು ಮತ್ತು ಯಜಮಾನರು. ಯಜಮಾನರು ಮಾತಾಡುವುದೇ ಅಪರೂಪ. ಹಾಗಾದರೆ ಮಗುವಿನ ಕಿವಿಗೆ ಬೀಳುವುದೇನು?

ಮಗ ಸತೀಶ ಬೇಲಾಪುರದಲ್ಲಿ ಆಫೀಸಿಗೆ ಹೋಗುತ್ತಾನೆ. ಅವನಿಗೆ ಮೊದಲೇ ಹೋಮ್ ಥಿಯೇಟರ್ ಹುಚ್ಚು. ನಮ್ಮ ಹಾಲಿನಲ್ಲಿ ನಾಲ್ಕು ಜನ ಕೂತರೆ ಐದನೆಯವರು ಅಡುಗೆಮನೆಯಲ್ಲಿ, ಅಂಥದ್ದರಲ್ಲಿ ಮೂಲೆಮೂಲೆಗೂ ಸ್ಪೀಕರ್ ತೂಗುಹಾಕಿದ್ದ. ಗುಡುಗುಡು ಅನ್ನುವ ದೊಡ್ಡ ಪೆಟ್ಟಿಗೆಯ ಮೇಲೆ ಯಜಮಾನರು ಚಹಾದ ಲೋಟ ಇಡುತ್ತಿದ್ದರು. ಒಂದು ಸಂಜೆ ಅವನು ನನ್ನ ಪಕ್ಕ ಕೂತು ಹೇಳಿದ:

"ಅಮ್ಮಾ, ಕೇಬಲ್‌ನವನ ಕಾಲು ಹಿಡಿಯೂದು ಬೇಡ. ಒಂದು ಚಿಕ್ಕ ಕಂಪ್ಯೂಟರ್ ತಂದು ಟಿವಿಗೆ ಸಿಕ್ಕಿಸುವ. ಇಂಟರ್ನೆಟ್ಟಲ್ಲಿ ಕನ್ನಡ ಎಷ್ಟು ಬೇಕಾದ್ರೂ ಉಂಟು."

"ಕಂಪ್ಯೂಟರಾ? ಎಲ್ಲಿ ಇಡೂದು ಮಾರಾಯ? ನಿನ್ನ ಅಪ್ಪನಿಗೇ ಕಾಲು ಚಾಚಲಿಕ್ಕೆ ಜಾಗ ಇಲ್ಲ."

"ಸಾಬೂನಿನ ಡಬ್ಬದಷ್ಟು ಇರ್ತದೆ. ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಟಿವಿಯೇ ಅದರ ಪರದೆ."

"ಮುಖ ಇಲ್ಲ, ಕೈ ಇಲ್ಲ. ಮತ್ತೆಂತ ಕಂಪ್ಯೂಟರ್ ಅದು?"

"ತಲೆ ಉಂಟಲ್ಲ ಅಮ್ಮ!"

ಅಲ್ಲಿಂದ ಮನೆಯಲ್ಲಿ ಹೆಣ್ಣು ನೋಡುವ ಹಾಗೆ ಮಾತುಕತೆ ಶುರುವಾಯಿತು. ವೈಶಾಲಿಗೆ ಅವಳ ಧಾರಾವಾಹಿ ನಿಲ್ಲದೆ ಓಡಬೇಕು. ಯಜಮಾನರಿಗೆ ಕ್ರಿಕೆಟ್ ಬೇಕು, ರಿಮೋಟಿನಲ್ಲಿ ಗುಂಡಿ ಕಡಿಮೆ ಇರಬೇಕು. ಸತೀಶ ಫೋನಿನಲ್ಲಿ ಒಂದೊಂದರ ಜಾತಕ ಓದುತ್ತಿದ್ದ. ಮೆಮೊರಿ ಇಷ್ಟು, ಸ್ಟೋರೇಜು ಅಷ್ಟು. ಎರಡಕ್ಕೂ ವ್ಯತ್ಯಾಸವೆಂತ ಎಂದು ನಾನು ಕೇಳಿದೆ. ಅವನು ಹೇಳಿದ, ನನಗೆ ತಲೆಗೆ ಹೋಗಲಿಲ್ಲ. ಪೇಪರಿನ ಹಿಂದಿನಿಂದ ಯಜಮಾನರು, "ಸ್ಟೋರೇಜ್ ಅಂದ್ರೆ ಗೋಡೌನ್. ಮೆಮೊರಿ ಅಂದ್ರೆ ಒಲೆ ಮುಂದಿನ ಕಟ್ಟೆ. ಗೋಡೌನ್ ಎಷ್ಟು ದೊಡ್ಡದಿದ್ರೂ ಕಟ್ಟೆ ಚಿಕ್ಕದಾದ್ರೆ ಗಿರಾಕಿ ಕಾಯ್ತಾನೆ," ಎಂದರು. ಸತೀಶ ಬಾಯಿ ಬಿಟ್ಟು ನೋಡಿದ. ನನಗೆ ಇದೆಲ್ಲದರಲ್ಲಿ ಬೇಕಾದದ್ದು ಒಂದೇ. ಅದರಿಂದ ಕನ್ನಡ ಬರಬೇಕು, ಆ ಕನ್ನಡ ರೇವುವಿನ ಕಿವಿಗೆ ಹೋಗಿ ಬಾಯಿಂದ ಹೊರಗೆ ಬರಬೇಕು. ಇದನ್ನು ಯಾವ ಜಾತಕದಲ್ಲೂ ಬರೆದಿರಲಿಲ್ಲ.

ಒಂದು ಭಾನುವಾರ ಎಲ್ಲರೂ ಲೋಕಲ್ ಹತ್ತಿ ಠಾಣೆ ಪೇಟೆಗೆ ಹೋದೆವು. ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಒಂದು ಅಂಗಡಿ. ಅಂಗಡಿಯ ಶೇಟ್ ಗಾಜಿನ ಮೇಲೆ ಮೂರು ಕಂಪ್ಯೂಟರ್ ಇಟ್ಟ. ಒಂದು ಬೆರಳುದ್ದ, ಪೆನ್ನಿನ ಮುಚ್ಚಳದ ಹಾಗೆ. ಅದನ್ನು ಟಿವಿಯ ಹಿಂದೆ ಚುಚ್ಚಿಬಿಟ್ಟರೆ ಮುಗಿಯಿತಂತೆ. ಕಸ ಗುಡಿಸುವಾಗ ಕಳೆದುಹೋಗುವ ಸಾಮಾನು ಎಂದು ಅದನ್ನು ಬದಿಗೆ ಸರಿಸಿದೆ. ಇನ್ನೊಂದು ತಿಂಡಿ ಡಬ್ಬಿಯಷ್ಟಿತ್ತು, ಒಳಗೆ ಪಂಖ. ಸತೀಶನ ಕಣ್ಣು ಅದರ ಮೇಲೆ. ಮೂರನೆಯದು ಕಪ್ಪು ಲೋಹದ ಚಿಕ್ಕ ಪೆಟ್ಟಿಗೆ, ಬೆನ್ನಿನ ಮೇಲೆ ಸಾಲು ಸಾಲು ಸೀಳು.

ನಾನು ಪಾತ್ರೆ ಅಂಗಡಿಯಲ್ಲಿ ಮಾಡುವುದನ್ನೇ ಮಾಡಿದೆ. ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದೆ, ಗೆಣ್ಣಿನಿಂದ ಕುಟ್ಟಿದೆ, ಕಿವಿಗೆ ಹಿಡಿದೆ. ಶೇಟ್ ಸತೀಶನ ಮುಖ ನೋಡಿದ, ಸತೀಶ ರಸ್ತೆ ನೋಡಿದ. ರೇವು ಮಾತ್ರ ನನ್ನ ಹಾಗೆಯೇ ಒಂದೊಂದನ್ನೂ ಕುಟ್ಟಿ, ಕಿವಿಗೆ ಹಿಡಿದಳು. ಪಂಖದ್ದನ್ನು ಚಾಲೂ ಮಾಡಿದಾಗ ಅದು ಹಲಸಿನ ಹಣ್ಣಿಗೆ ಮುತ್ತಿದ ನೊಣಗಳ ಹಾಗೆ ಗುಂಯ್ ಎಂದಿತು. ಕಪ್ಪು ಪೆಟ್ಟಿಗೆ ಉಸಿರೇ ಎತ್ತಲಿಲ್ಲ.

"ಮಾಜೀ, ಇಸ್ಮೆ ಪಂಖಾ ಹೀ ನಹೀ. ಏಕ್‌ದಮ್ ಶಾಂತ್," ಎಂದ ಶೇಟ್.

ನಾನು ಸತೀಶನಿಗೆ ಹೇಳಿದೆ: "ಪಂಖ ಇಲ್ಲದೆ ನಮ್ಮ ಡೊಂಬಿವಲಿ ಸೆಖೆಯಲ್ಲಿ ಇದು ಹೇಗೆ ಬದುಕ್ತದೆ ಮಾರಾಯ?"

"ಅದರ ಮೈಯೇ ಗಾಳಿ ತಕ್ಕೊಳ್ತದೆ ಅಮ್ಮ. ಬೆನ್ನಿನ ಮೇಲೆ ಸೀಳು ಉಂಟಲ್ಲ, ಅದಕ್ಕೇ."

ರೇವು ಕಪ್ಪು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡಳು. "ಬಾಬಾ, ಹಾ ಓರಡತ್ ನಾಹೀ. ಹಾಚ್ ಘೇಊ ಯಾ." ಇದು ಕಿರಿಚುವುದಿಲ್ಲ, ಇದನ್ನೇ ತಕ್ಕೊಳ್ಳುವ ಎಂದು. ಆಯ್ಕೆ ಮುಗಿಯಿತು.

ಮನೆಗೆ ತಂದು ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಟಿವಿಗೆ ಸಿಕ್ಕಿಸಿದ್ದಾಯಿತು. ಶೋಕೇಸಿನ ಮೇಲೆ ಅದು ಬೆತ್ತಲೆ ಕೂತಿತ್ತು. ನನಗೆ ತಡೆಯಲಿಲ್ಲ. ಸೂಜಿ ನೂಲು ತೆಗೆದು ಹೆಣೆಯತೊಡಗಿದೆ. ರೇವು ಪಕ್ಕ ಬಂದು ಕೂತಳು. ಗುಲಾಬಿ ಬಣ್ಣ ಆರಿಸಿದ್ದು ಅವಳು, ಮಣಿ ಪೋಣಿಸಿದ್ದೂ ಅವಳೇ. ಮೆತ್ತಗಿರಲೆಂದು ಒಳಗೆ ಅವಳದ್ದೇ ಹಸುಗೂಸಿನ ಸ್ವೆಟರಿನ ತುಂಡು ಇಟ್ಟು ಹೊಲಿದೆ. ತೊಡಿಸಿದಾಗ ಎಷ್ಟು ಒಪ್ಪಿತ್ತು ಅಂತೀರಿ! ಹಿಂದಿನ ತಂತಿಗೆ ಮಾತ್ರ ಒಂದು ತೂತು.

ಆ ಪೆಟ್ಟಿಗೆಯಿಂದ ಕನ್ನಡ ಸುರಿಯಿತು. ಕಥೆ, ಹಾಡು, ಅಡುಗೆ, ನಾಟಕ. ನಾನು ರೇವುವನ್ನು ಮಡಿಲಿಗೆ ಎಳೆದುಕೊಂಡು ಕೂರುತ್ತಿದ್ದೆ. ಯಾರೋ ಪುಣ್ಯಾತ್ಗಿತ್ತಿ ಕಡುಬು ಮಾಡುವುದನ್ನು ತೋರಿಸುತ್ತಿದ್ದರೆ, "ರೇವೂ, ಅದೆಂತದು ಹೇಳು? ಕಡುಬು. ಹೇಳು. ಕ-ಡು-ಬು." ಕೊಡೆ ಕಂಡರೆ ಕೊಡೆ ಹೇಳು, ಕಾಗೆ ಕಂಡರೆ ಕಾಗೆ ಹೇಳು. ಮಗು ತುಟಿ ಬಿಗಿದು, ನನ್ನ ತೋಳಿನ ಅಡಿಯಿಂದ ನುಣುಚಿಕೊಳ್ಳಲು ನೋಡುತ್ತಿತ್ತು. ನಾನು ಇನ್ನೂ ಹತ್ತಿರ ಎಳೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಟಿವಿ ಕಪ್ಪಾಗುತ್ತಿತ್ತು. ಕಡುಬು ಒಲೆಯ ಮೇಲಿರುವಾಗಲೇ, ಪಕ್ಕನೆ.

"ಶಾಳಾ ಸುಟ್ಲೀ!" ಎಂದು ಅಡುಗೆಮನೆಯಿಂದ ವೈಶಾಲಿ ಕೂಗುತ್ತಿದ್ದಳು. ಶಾಲೆ ಬಿಟ್ಟಿತು ಎಂದು. ರೇವು ಚಪ್ಪಾಳೆ ತಟ್ಟಿ ಓಡುತ್ತಿದ್ದಳು.

ಪ್ರತಿ ಸಂಜೆ ಇದೇ ಆಯಿತು. ಸತೀಶ ಆಫೀಸಿನಿಂದ ಬಂದು, ಪೆಟ್ಟಿಗೆಯ ಅಂಗಿ ಬಿಚ್ಚಿ ಬದಿಗಿಟ್ಟು, ತಂತಿ ಎಳೆದು, ಮತ್ತೆ ಸಿಕ್ಕಿಸಿ ಪರೀಕ್ಷೆ ಮಾಡುತ್ತಿದ್ದ. ಅವನ ಮುಂದೆ ಅದು ಒಳ್ಳೆಯ ಮಗುವಿನ ಹಾಗೆ ನಡೆಯುತ್ತಿತ್ತು. ಸರಿಯಾಯಿತು ಎಂದು ಅವನು ಎದ್ದ ಮೇಲೆ ನಾನು ಹೋಗಿ ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಶಾಲೆ ಬಿಡುತ್ತಿತ್ತು. ಸತೀಶ ಇಂಟರ್ನೆಟ್‌ನವನನ್ನು ಬೈದ, ತಂತಿ ಬದಲಿಸಿದ, ಟಿವಿಯನ್ನೇ ಸಂಶಯಪಟ್ಟ. ಕೊನೆಗೆ ಅಂಗಡಿಗೆ ಫೋನ್ ಮಾಡಿದ.

"ಪೀಸೇ ಸರಿ ಇಲ್ಲ. ಭಾನುವಾರ ವಾಪಸ್ ಕೊಟ್ಟು ಬರ್ತೇನೆ."

"ಬೇರೆ ಕೊಡ್ತಾನಲ್ಲ?" ಎಂದೆ.

"ಬೇಡ ಅಮ್ಮ, ಸಾಕಾಯ್ತು. ನಿನಗೆ ಬೇಕಾದ್ದು ನನ್ನ ಫೋನಲ್ಲಿ ನೋಡು."

ಅವನ ಫೋನು ದಿನವಿಡೀ ಬೇಲಾಪುರದಲ್ಲಿ. ಸಂಜೆ ಸಿಕ್ಕರೂ ಅಷ್ಟು ಸಣ್ಣ ಗಾಜಿನಲ್ಲಿ ನನ್ನ ಕಣ್ಣಿಗೆ ಕಡುಬೂ ಕಾಗೆಯೂ ಒಂದೇ. ಒಂದು ಪೆಟ್ಟಿಗೆ ಹೋದರೆ ಹೋಯಿತು ಎಂದು ಎಲ್ಲರಿಗೂ ಅನಿಸಿತ್ತು. ನನಗೆ ಮಾತ್ರ ಮಗುವಿನ ಬಾಯಲ್ಲಿ ಕನ್ನಡ ಕೇಳುವ ಕೊನೆಯ ದಾರಿಯನ್ನು ಡಬ್ಬಕ್ಕೆ ತುಂಬಿ ಠಾಣೆಗೆ ಕಳಿಸಿದ ಹಾಗೆ.

ಇಲ್ಲಿ ಸೆಖೆಯ ವಿಷಯ ಸ್ವಲ್ಪ ಹೇಳಬೇಕು. ಸೆಖೆ ಅಂದರೆ ನಮ್ಮ ಕರಾವಳಿಯವರಿಗೆ ಬರೀ ಬಿಸಿಲಲ್ಲ. ಮೈಗೆ ಅಂಟಿಕೊಂಡು ಕೂತು, ಎಬ್ಬಿಸಿದರೂ ಏಳದ ಬೆವರಿನ ಕಾವು. ಡೊಂಬಿವಲಿಯಲ್ಲಿ ಶುಕ್ರವಾರ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆ. ರೇವು ತೊಟ್ಟಿಲಲ್ಲಿದ್ದ ದಿನದಿಂದ ಆ ಮಧ್ಯಾಹ್ನಗಳು ನಮ್ಮಿಬ್ಬರದ್ದು. ಚಾಪೆ ಹಾಸಿ, ಪಕ್ಕಪಕ್ಕ ಮಲಗಿ, ನಾನು ಊರಿನ ಬೀಸಣಿಗೆಯಿಂದ ಅವಳಿಗೆ ಗಾಳಿ ಹಾಕುವುದು. ಆಗ ಪಾಠವಿಲ್ಲ, ಹೇಳು ಹೇಳು ಎಂದು ಪೀಡಿಸುವುದಿಲ್ಲ. ಕರೆಂಟಿಲ್ಲದಾಗ ನನಗೂ ಅಷ್ಟು ತ್ರಾಣ ಇರುವುದಿಲ್ಲ. ಕಣ್ಣು ಮುಚ್ಚಿಕೊಂಡು, "ಅಯ್ಯಯ್ಯೋ ಸೆಖೆ, ಎಂತ ಸೆಖೆ ಮಗಾ," ಎಂದು ನನ್ನ ಪಾಡಿಗೆ ನಾನು ಗೊಣಗುತ್ತಿರುತ್ತೇನೆ. ಅವಳು ಕೇಳುತ್ತಿದ್ದಾಳೆ ಎಂದೂ ಯೋಚಿಸಿದವಳಲ್ಲ.

ಆ ಭಾನುವಾರ ಬೆಳಿಗ್ಗೆ ಸತೀಶ ಖಾಲಿ ಡಬ್ಬ, ಥರ್ಮೋಕೋಲು ಎಲ್ಲ ತೆಗೆದಿಟ್ಟಿದ್ದ. ಕೊನೆಯ ಸಲ ನೋಡಿಬಿಡುತ್ತೇನೆ ಎಂದು ನಾನು ಟಿವಿ ಹಾಕಿಸಿಕೊಂಡು ಕೂತಿದ್ದೆ. ರೇವುವನ್ನು ಕರೆಯಲಿಲ್ಲ. ಮನಸ್ಸಾಗಲಿಲ್ಲ. ಯಜಮಾನರು ಪೇಪರಿನಲ್ಲಿ, ವೈಶಾಲಿ ಒಳಗೆ ಚಪಾತಿ ಲಟ್ಟಿಸುವುದರಲ್ಲಿ. ರೇವು ತಾನಾಗಿಯೇ ಶೋಕೇಸಿನ ಹತ್ತಿರ ಹೋಗಿ ನಿಂತಳು. ತಾನು ಆರಿಸಿದ ಪೆಟ್ಟಿಗೆ ಹೊರಟುಹೋಗುತ್ತದೆ ಎಂದು ಅವಳಿಗೂ ಬೇಸರವಿತ್ತೋ ಏನೋ, ಅಂಗಿಯ ಮೇಲೆ ಅಂಗೈ ಇಟ್ಟಳು. ಪಕ್ಕನೆ ಕೈ ತೆಗೆದಳು. ಬಗ್ಗಿ ಕೆನ್ನೆ ತಾಗಿಸಿ ನೋಡಿದಳು. ಆಮೇಲೆ ತಿರುಗಿದಳು, ಅಪ್ಪನ ಕಡೆಗಲ್ಲ, ಅಮ್ಮನ ಕಡೆಗಲ್ಲ, ನನ್ನ ಕಡೆಗೆ.

"ಅಜ್ಜೀ, ಅದಕ್ಕೆ ಸೆಖೆ ಆಗ್ತದೆ."

ಹೀಗೆಯೇ ಹೇಳಿದಳು. ನಮ್ಮ ಊರಿನ ಹುಡುಗಿಯ ಹಾಗೆ, ಎಳೆದು, ತುಸು ಗೊಣಗಿ, ನನ್ನದೇ ಧ್ವನಿಯಲ್ಲಿ. ಹೇಳಿ, ಒಳಗೆ ಓಡಿ ಬೀಸಣಿಗೆ ತಂದಳು. ಪುಟ್ಟ ಬೆರಳಿನಿಂದ ಗುಂಡಿ ಬಿಚ್ಚಿ, ಅಂಗಿ ಎಳೆದು ತೆಗೆದು, ಆ ಕಪ್ಪು ಪೆಟ್ಟಿಗೆಗೆ ಗಾಳಿ ಹಾಕತೊಡಗಿದಳು.

ಸತೀಶ ಥರ್ಮೋಕೋಲು ಕೈಯಲ್ಲಿ ಹಿಡಿದುಕೊಂಡೇ ನಿಂತ. ಮೊದಲು ಅಂಗಿ ನೋಡಿದ, ಆಮೇಲೆ ಪೆಟ್ಟಿಗೆಯ ಬೆನ್ನಿನ ಸೀಳು ನೋಡಿದ, ತನ್ನ ಹಣೆಗೆ ತಾನೇ ಹೊಡೆದುಕೊಂಡ. ಯಜಮಾನರ ಪೇಪರು ಕೆಳಗಿಳಿಯಿತು. ನನಗೆ ಪೆಟ್ಟಿಗೆಯ ಪರಿವೆಯೇ ಇಲ್ಲ. ಓಡಿಹೋಗಿ ಮಗುವನ್ನು ಎತ್ತಿ ಗಿರಗಿರ ತಿರುಗಿಸಬೇಕು, ಇನ್ನೊಮ್ಮೆ ಹೇಳು ಎನ್ನಬೇಕು, ಮತ್ತೊಮ್ಮೆ ಹೇಳು ಎನ್ನಬೇಕು, ಬಿಲ್ಡಿಂಗಿನ ಎಲ್ಲ ಬಾಗಿಲು ಬಡಿಯಬೇಕು, ಬ್ರಹ್ಮಾವರಕ್ಕೆ ಫೋನು ಮಾಡಬೇಕು. ಬಾಯಿ ತೆರೆದೇಬಿಟ್ಟಿದ್ದೆ. ಆಗ ಅಡುಗೆಮನೆಯ ಬಾಗಿಲಲ್ಲಿ ವೈಶಾಲಿ ಕಂಡಳು. ಹಿಟ್ಟು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟು, ಬೇಡ ಎಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು.

ಬದಲಾಪುರದ ಹುಡುಗಿ. ನನಗೆ ತಿಳಿಯದ್ದು ಅವಳಿಗೆ ತಿಳಿಯಿತು.

ತೆರೆದ ಬಾಯಿಂದ ಬೇರೆ ಮಾತು ಹೊರಡಿಸುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು. ಏನೂ ಆಗಿಲ್ಲ ಎನ್ನುವ ಹಾಗೆ ಹೇಳಿದೆ: "ಹೌದಾ? ಹಾಗಾದ್ರೆ ಅಂಗಿ ಬದಿಗಿಡು ಮಗಾ. ಗಾಳಿ ಆಡ್ಲಿ."

"ಹೂಂ," ಎಂದಳು.

ಟಿವಿ ಕಪ್ಪಾಗಲಿಲ್ಲ. ಮಧ್ಯಾಹ್ನದವರೆಗೂ ಆಗಲಿಲ್ಲ. ಸತೀಶ ನಗು ತಡೆದುಕೊಂಡು ಖಾಲಿ ಡಬ್ಬವನ್ನು ಅಟ್ಟಕ್ಕೆ ಹಾಕಿದ.

ಈಗ ರೇವು ದೊಡ್ಡವಳಾಗಿದ್ದಾಳೆ. ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಹೊಲಿಯುತ್ತಾಳೆ. ನಾನು ತಿದ್ದುವುದಿಲ್ಲ. ಶೋಕೇಸಿನ ಮೇಲೆ ಆ ಪೆಟ್ಟಿಗೆ ಈಗಲೂ ಬೆತ್ತಲೆ ಕೂತಿದೆ, ಯಜಮಾನರಿಗೆ ಜೊತೆಯಾಗಿ. ಧೂಳು ಬಿದ್ದರೆ ಒರೆಸುತ್ತೇನೆ. ಒರೆಸುವಾಗ ಅಮ್ಮನ ಮೊರ ನೆನಪಾಗುತ್ತದೆ. ಕಲ್ಲಿಗೆ ಮೊರ ಒಪ್ಪುತ್ತದೆ, ಕಲ್ಲು ಉಸಿರಾಡುವುದಿಲ್ಲವಲ್ಲ.

ಆ ಭಾನುವಾರದ್ದು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಊಟವಾದ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದೆ. ಕಣ್ಣೊರೆಸಿಕೊಳ್ಳಲು ನಲ್ಲಿಯ ಸದ್ದು ಬೇಕಿತ್ತು. ಹಿಂದಿನಿಂದ ಸೆರಗು ಎಳೆದ ಹಾಗಾಯಿತು.

"ಆಜೀ, ಲಾಡೂ ದೇ ನಾ."

ಮತ್ತೆ ಮರಾಠಿ! ಕನ್ನಡದಲ್ಲಿ ಕೇಳು ಎನ್ನುವ ಮಾತು ಅಭ್ಯಾಸದಿಂದ ಗಂಟಲವರೆಗೆ ಬಂತು. ನುಂಗಿಕೊಂಡೆ. ಡಬ್ಬ ಕೆಳಗಿಳಿಸಿ, ಅವಳ ಎರಡೂ ಕೈಗೆ ಉಂಡೆ ಕೊಟ್ಟೆ. ಅವಳು ಒಂದನ್ನು ಕಚ್ಚಿಕೊಂಡು, ಇನ್ನೊಂದನ್ನು ಅಜ್ಜನಿಗೆ ತೋರಿಸಲು ಹಾಲಿಗೆ ಓಡಿದಳು. ನಾನು ಅವಳ ಹಿಂದೆ ಹೋದೆ.

ಸಂಜೆ ಚಹಾಕ್ಕೆಂದು ಅಡುಗೆಮನೆಗೆ ಬಂದ ಯಜಮಾನರು ಉಂಡೆಯ ಡಬ್ಬ ಕಂಡು ಅಲ್ಲೇ ನಿಂತರು. ಅದರ ಮುಚ್ಚಳ ಒಂದು ಕಡೆ, ಅದು ಒಂದು ಕಡೆ, ಮಧ್ಯಾಹ್ನದಿಂದ ಹಾಗೇ ತೆರೆದು ಬಿದ್ದಿತ್ತು.

"ಹೋಯ್," ಎಂದು ಗಾಬರಿಯಿಂದ ನನ್ನನ್ನು ಕರೆದರು. "ನಿನಗೆ ಹುಷಾರುಂಟಲ್ಲ?"